ಕಡ ತಂದ ಹೆಪ್ಪು

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ಕಿಟಕಿಯಾಚೆ ಹಿಮ, ಒಳಗೆ ಫ್ಯಾನಿನ ಗೊರಕೆ.
ಬೆಳಿಗ್ಗೆ ಬಾಯಿಗಿಟ್ಟದ್ದನ್ನು ಇನ್ನೂ ಅಗಿಯುತ್ತಿದೆ ಕಂಪ್ಯೂಟರು:
ಹದಿನೆಂಟು ಲಕ್ಷ ತುಣುಕು,
ನಾಲ್ಕೇ ಅಕ್ಷರದ ಭಾಷೆ,
ಒಂದಕ್ಕೂ ಪುಟಸಂಖ್ಯೆಯಿಲ್ಲ.

ತಣ್ಣಗಾದ ಕಾಫಿ ಹಿಡಿದು ತಾವೆತ್ ಕಾಯುತ್ತಾನೆ.
ಸಾರೆಮಾ ದ್ವೀಪದ ಉರ್ವೆ ಅಜ್ಜಿ
ಜಾಮಿನ ಸೀಸೆಯಲ್ಲಿ, ಕರವಸ್ತ್ರ ಸುತ್ತಿ ಕೊಟ್ಟದ್ದು
ಮನೆಬಿಯರಿನ ಹೆಪ್ಪು, ಬೂದು ಗಸಿ.
'ನನ್ನಮ್ಮನದು. ಬೇರೆ ಯಾರದೂ ಅಲ್ಲ.
ಬೇಕಾದರೆ ಬರೆದುಕೋ.'

ಬರೆದುಕೊಂಡಿದ್ದಾನೆ.

ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಂದಬೇಕು,
ಅಂತ್ಯಾಕ್ಷರಿಯ ಹಾಗೆ. ಆದರೆ ಒಂದಕ್ಷರ ಸಾಲದು ಇಲ್ಲಿ,
ಮೂವತ್ತು, ನಲವತ್ತು, ಸಾಲಾಗಿ ಒಪ್ಪಬೇಕು,
ಆಗ ಮಾತ್ರ ಹಾಡು ಮುಂದಕ್ಕೆ.
ಅಂಟಿಕೊಂಡು ಅಂಟಿಕೊಂಡು ಬೆಳೆದದ್ದು
ಹೇಳಿದ್ದನ್ನೇ ನೂರು ಸಲ ಹೇಳುವ ಜಾಗ ಬಂದರೆ
ಮುಗ್ಗರಿಸುತ್ತದೆ,
ಒಳಬಂದದ್ದೆಲ್ಲಿ, ಹೊರಹೋಗುವುದೆಲ್ಲಿ ತಿಳಿಯದೆ.
ಅಲ್ಲಿ ತಂತ್ರಾಂಶ ಕತೆ ಕಟ್ಟುವುದಿಲ್ಲ.
ಎನ್ ಎನ್ ಎನ್ ಎನ್ ಎಂದು ಖಾಲಿ ತುಂಬುತ್ತದೆ:
ಏನೋ ಇತ್ತು. ನನಗೆ ಗೊತ್ತಿಲ್ಲ.

ಏಳನೆಯ ವರ್ಣತಂತುವಿನ ನಡುವೆ
ದಾರಿ ಎರಡಾಗಿ ಒಡೆಯಿತು,
ತುಸು ದೂರ ಹೋಗಿ ಮತ್ತೆ ಕೂಡಿತು.
ಎಂಟನೆಯದರಲ್ಲೂ. ಹದಿಮೂರರಲ್ಲಿ ನಾಲ್ಕು ಕಡೆ.
ಕಣ್ತಪ್ಪಾಗಿದ್ದರೆ ಒಂದಕ್ಕೆ ಸಾಕ್ಷಿ ಕಡಿಮೆಯಿರುತ್ತಿತ್ತು.
ಇಲ್ಲಿ ಆ ಕಡೆ ನಲವತ್ತು, ಈ ಕಡೆ ನಲವತ್ತೊಂದು.
ಒಂದನ್ನು ಆರಿಸು, ಇನ್ನೊಂದನ್ನು ಅಳಿಸುವೆ ಎಂದಿತು ಪರದೆ.
ಎತ್ತಿದ ಬೆರಳು ಇಳಿಸದೆ ತಾವೆತ್ ಫೋನು ತೆಗೆದ.

'ಎರಡು ಮನೆತನ ಕೂಡಿದ ಹಾಗಿದೆ, ಅಜ್ಜಿ.'
ಆ ಕಡೆ ಬಹಳ ಹೊತ್ತು ಒಲೆಯ ಸದ್ದೊಂದೇ.
ಆಮೇಲೆ: 'ಯುದ್ಧದ ಕೊನೆಯ ಚಳಿಗೆ
ನಮ್ಮದು ಸಾಯೋ ಹಾಗಿತ್ತಂತೆ.
ಅಮ್ಮ ರಾತ್ರಿ ಬೇಲಿ ದಾಟಿ
ಲಾಗ್ಲೆಯವರಲ್ಲಿ ಹೆಪ್ಪು ಕೇಳಿದ್ದಳು ಅಂತ
ಊರು ಆಡಿಕೊಳ್ಳುತ್ತಿತ್ತು.
ಅವಳು ಸಾಯುವ ತನಕ ಇಲ್ಲ ಅಂದಳು.'

ಲಾಗ್ಲೆಯವರು. ಬಾವಿಯ ಜಗಳ.
ಮೂವತ್ತೆಂಟು ವರ್ಷದಿಂದ ಮಾತಿಲ್ಲ ಕತೆಯಿಲ್ಲ.

'ನೀನಲ್ಲಿ ಅಳಿಸಿದರೆ ನನ್ನ ಸೀಸೆಯಿಂದ ಹೋಗುತ್ತದಾ?'
'ಇಲ್ಲ.'
'ಮತ್ತೆ ಅಳಿಸಿದರೆಷ್ಟು, ಬಿಟ್ಟರೆಷ್ಟು.'
ಫೋನಿಟ್ಟಳು. ಸಿಟ್ಟೋ, ನಗುವೋ,
ಆ ಜಾಗವೂ ಎನ್ ಎನ್ ಎನ್.

ಎರಡನ್ನೂ ಉಳಿಸಿದ.
ಕಡತಕ್ಕೆ ಹೆಸರು ಕೇಳಿತು ಪರದೆ.
ಉರ್ವೆ, ಒಂದು ಅಡಿಗೆರೆ, ಲಾಗ್ಲೆ.
ಗೆರೆ ಬೇಲಿಯಂತೆ ಕಂಡಿತು,
ರಾತ್ರಿ ಹೊತ್ತು ದಾಟಬಹುದಾದಷ್ಟು ಕೆಳಗೆ.