ಕಡ ತಂದ ಜಾಗ

ಅಧ್ಯಕ್ಷರು ಹಣೆಯಿಂದ ಶುರುವಾಗಿ
ಮೀಸೆಯ ತನಕ ಇಳಿದು ನಿಂತುಬಿಟ್ಟರು.
ಅದರ ಕೆಳಗೆ ಬರೀ ಬಿಳುಪು.
ಹಾಲಿನ ಸಂಘದ ಗೋಡೆ ಕ್ಯಾಲೆಂಡರು, ಮುನ್ನೂರು ಪ್ರತಿ,
ನಾಳೆ ಹತ್ತಕ್ಕೆ ಚಿಂತಾಮಣಿಯ ಪ್ರೆಸ್ಸಿಗೆ ಮುಟ್ಟಿಸಬೇಕು.
ಪರದೆಯ ಮೂಲೆಯಲ್ಲಿ ಹಳದಿ ಗುಳ್ಳೆಯೊಂದು ಎದ್ದು
ವರ್ಚುವಲ್ ಮೆಮೊರಿ ಸಾಲದು ಅಂತು.

ಪಕ್ಕದ ಕೋಣೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳು
ಏಳನೇ ದಿನದ ಸೊಪ್ಪು ಮೇಯುತ್ತಿವೆ.
ಮೇಜಿನ ಕೆಳಗೆ ಪೆಟ್ಟಿಗೆಯೂ ಅದೇ ಸದ್ದು ಹಿಡಿದಿದೆ,
ಗರಗರ ಗರಗರ.
ಮಳೆ ಅಂದುಕೊಂಡು ನಾಯಿ ಒಳಗೆ ಬಂದು ಮಲಗಿದೆ.

ಅತ್ತೆ ಪಿಳ್ಳಮ್ಮ ಸೊಪ್ಪಿನ ಮಂಕರಿ ಇಳಿಸಿ ಕೇಳಿದಳು,
"ಏನಮ್ಮಿ, ಅದೂ ಮೇಯ್ತಾ ಐತಾ?"

ಮೇಯ್ತಿಲ್ಲ ಅತ್ತೆ, ಎತ್ತಿಡ್ತಾ ಐತೆ.
ಕೈಯಲ್ಲಿ ಹಿಡಿಸದ್ದನ್ನ ಹಿತ್ತಲಲ್ಲಿ ಇಡುತ್ತೆ,
ಬೇಕಾದಾಗ ಓಡಿಹೋಗಿ ತರುತ್ತೆ,
ತರೋಕೆ ಕೈ ಬೇಕಲ್ಲ, ಕೈಯಲ್ಲಿರೋದನ್ನ
ಮತ್ತೆ ಹಿತ್ತಲಿಗೆ ಒಯ್ಯುತ್ತೆ.
ಈಗ ಹಿತ್ತಲೂ ತುಂಬಿದೆ. ಓಡಾಟವೇ ಕೆಲಸ.

"ಅಷ್ಟೇನಾ?
ಹೋದ ಬೆಳೇಲಿ ಹುಳ ಒಂದೇ ಸಲಕ್ಕೆ ಹಣ್ಣಾದಾಗ
ಮುನಿಶಾಮಿ ಮನೆಯಿಂದ ಹದಿನಾಲ್ಕು ಚಂದ್ರಂಕಿ ತರಲಿಲ್ವಾ,
ಅವರ ಜಗಲಿಗೇ ಒರಗಿಸಲಿಲ್ವಾ.
ನಿನ್ ಪೆಟ್ಗೆಗೆ ನೆರೆಮನೆ ಇಲ್ವಾ?"

ಇದೆ. ಡಿ ಅಂತ ಅದರ ಹೆಸರು.

ಸಾಲದು ಅನ್ನುವ ಮಾತಿನೊಳಗೇ
ಸಾಲ ಕೂತಿದೆ; ನನಗೆ ಕಾಣಲು ಇಷ್ಟು ಹೊತ್ತಾಯಿತು.

ಪೆಟ್ಟಿಗೆ ಮಾರಿದ ಮುಕ್ತಿಯಾರ್ ಫೋನಿನಲ್ಲಿ ಬೇರೆಯೇ ಹೇಳಿದ್ದ:
ರ‍್ಯಾಮ್ ಹಾಕಿಸಿಬಿಡಿ ಅಕ್ಕ, ಸಾವಿರದ ಇನ್ನೂರು, ಜನ್ಮಕ್ಕೆ ಸಾಕು.
ನನ್ನ ಸಾವಿರದ ಇನ್ನೂರು ಇನ್ನೂ ಸೊಪ್ಪು ತಿನ್ನುತ್ತಿದೆ.
ಶಿಡ್ಲಘಟ್ಟದ ಮಾರ್ಕೆಟ್ಟು ಸೇರಲು ಅದಕ್ಕೆ ವಾರ ಬೇಕು.

ಮೊದಲು ಗುಡಿಸಿದೆ.
ಕಸದಬುಟ್ಟಿಯಲ್ಲಿ ಎರಡು ವರ್ಷದ ಲಗ್ನಪತ್ರಿಕೆಗಳು,
ಅದರಲ್ಲೊಂದು ನಿಂತುಹೋದ ಮದುವೆ,
ದುಡ್ಡು ಮಾತ್ರ ಪೂರ್ತಿ ಕೊಟ್ಟಿದ್ದರು.
ಟೆಂಪ್ ಅಂತ ಒಂದು ಫೋಲ್ಡರು; ಹೆಸರಿಗೆ ತಾತ್ಕಾಲಿಕ,
ಸಾವಿರದ ನಾನೂರು ಫೈಲು ಅಲ್ಲೇ ಸಂಸಾರ ಹೂಡಿದ್ದವು.
ಗಡಿಯಾರದ ಪಕ್ಕ ಕರೆಯದೆ ಬಂದು ಕೂತ ಮೆಸೆಂಜರು,
ಮಾರಿಹೋದ ಪ್ರಿಂಟರನ್ನು ಇನ್ನೂ ಕಾಯುತ್ತಿದ್ದವನು,
ಇಬ್ಬರನ್ನೂ ಎಬ್ಬಿಸಿ ಕಳಿಸಿದೆ.

ಆಮೇಲೆ ಮೈ ಕಂಪ್ಯೂಟರ್, ಬಲಗುಂಡಿ, ಪ್ರಾಪರ್ಟೀಸ್,
ಅಡ್ವಾನ್ಸ್ಡ್, ಅದರೊಳಗೆ ಇನ್ನೊಂದು ಅಡ್ವಾನ್ಸ್ಡ್,
ಬಾಗಿಲ ಹಿಂದೆ ಬಾಗಿಲು.
ಕಡಿಮೆಗೆ ಎಷ್ಟು, ಹೆಚ್ಚಿಗೆ ಎಷ್ಟು ಅಂತ ಕೇಳಿತು.
ಇರುವುದು ಇನ್ನೂರ ಐವತ್ತಾರು. ಒಂದೂವರೆ ಪಟ್ಟು ಕಡ,
ಮುನ್ನೂರ ಎಂಬತ್ತನಾಲ್ಕು. ಹೆಚ್ಚೆಂದರೆ ಅದರ ಎರಡರಷ್ಟು.
ಹಾಲಿನ ಪಾಸ್‌ಬುಕ್ಕಿನ ಬೆನ್ನಿಗೆ ಲೆಕ್ಕ ಬರೆದು
ಡಿ ಮನೆಯ ಜಗಲಿಯನ್ನು ಗೊತ್ತು ಮಾಡಿದೆ.
ಸಾಕ್ಷಿ ಇಲ್ಲದೆ, ಹೆಬ್ಬೆಟ್ಟಿಲ್ಲದೆ
ಇಷ್ಟು ಸಲೀಸಾಗಿ ಯಾರೂ ಕಡ ಕೊಟ್ಟಿರಲಿಲ್ಲ ನನಗೆ.
ಮತ್ತೆ ಶುರು ಮಾಡಲೇ ಅಂತು. ಮಾಡು ಅಂದೆ.

ಕರೆಂಟು ಹೋಯಿತು.

ಕತ್ತಲಲ್ಲಿ ಅತ್ತೆ ಬುಡ್ಡಿದೀಪ ಹಿಡಿದು ಕರೆದಳು.
ತಟ್ಟೆಯ ಅಂಚಿನಲ್ಲಿ ಒಂದು ಹುಳು ಕತ್ತೆತ್ತಿ ತೂಗುತ್ತಿತ್ತು,
ಮೈಯೆಲ್ಲ ದ್ರಾಕ್ಷಿಯ ಹಾಗೆ, ಬೆಳಕು ಆಚೆಗೆ ಹಾಯುತ್ತಿತ್ತು.
ಆಮೇಲೆ ಇನ್ನೊಂದು. ಆಮೇಲೆ ಎಣಿಸಲಿಲ್ಲ.
ಆಯ್ದು ಆಯ್ದು ಬಿಟ್ಟೆವು. ಈ ಸಲವೂ ನಾಲ್ಕು ಚಂದ್ರಂಕಿ ಕಮ್ಮಿ.
ಮುನಿಶಾಮಿಯ ಬಾಗಿಲು ಬಡಿದೆವು. ಅವನು ಬೈಯುತ್ತಲೇ
ಎತ್ತಿಕೊಂಡು ಬಂದ.

ನಾಲ್ಕೂವರೆಗೆ ದೀಪ ಬಂತು.
ಅಧ್ಯಕ್ಷರು ಹಣೆಯಿಂದ ಇಳಿದರು,
ಮೀಸೆ, ತುಟಿ, ಗದ್ದ, ಹಾರ,
ಜೇಬಿನ ಪೆನ್ನು, ಕೈಯಲ್ಲಿ ಹಿಡಿದ ಲೋಟ,
ಲೋಟದ ಮೇಲಿನ ನೊರೆ ಕೂಡ.
ಗುಳ್ಳೆ ಏಳಲಿಲ್ಲ.
ಪೆಟ್ಟಿಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಒಳಗೂ ಮೇವಿನ ಸದ್ದು ನಿಂತಿತ್ತು.
"ಏನಮ್ಮಿ," ಅತ್ತೆ ಗೋಡೆಯಾಚೆಯಿಂದ, "ನಿಂದೂ ಹಣ್ಣಾಯ್ತಾ?"

ನಾಯಿ ಎದ್ದು ಮೈ ಕೊಡವಿ
ಮಳೆ ನಿಂತಿತೆಂದು ಹೊರಗೆ ಹೋಯಿತು.