ಗಂಟು

ಶೇಕಡ ತೊಂಬತ್ತೆರಡು ಯಂತ್ರದ್ದು,
ಎಂದಿತು ಪರದೆ, ಕೆಂಪು ಪಟ್ಟಿ ಎಳೆದು.
ಮುಬೀನಾಳ ಪ್ರಬಂಧ. ವಿಷಯ: ನಮ್ಮೂರ ರೇಷ್ಮೆ.

ಕರೆದು ಕೇಳಿದೆ.
"ನಾನೇ ಬರ್ದಿದ್ದು ಮಿಸ್. ನಾಕು ಸಲ ತಿದ್ದಿದೆ.
ನೀವೇ ಹೇಳಿದ್ರಲ್ಲ, ಒಂದೂ ತಪ್ಪಿರಬಾರ್ದು ಅಂತ."
ಬೆರಳಲ್ಲಿ ಬೆಂದ ಗೂಡಿನ ವಾಸನೆ.

ಸಂಜೆ ಶಿಡ್ಲಘಟ್ಟದ ಅವರ ಓಣಿಗೆ ಹೋದೆ.
ಬಿಸಿನೀರಲ್ಲಿ ಕೈಯಾಡಿಸುತ್ತಲೇ ಅವಳಮ್ಮ
ಎರಡು ಲಡಿಯತ್ತ ಗದ್ದ ಎತ್ತಿದಳು:
ಮುಟ್ಟಿ ಹೇಳಿ ಟೀಚರಮ್ಮ, ಯಾವ್ದು ಮಿಷಿನ್ದು?

ಒಂದರಲ್ಲಿ ಗಂಟು ಸಿಕ್ಕಿತು.
ಗಂಟಿಲ್ಲದ್ದನ್ನು ತೋರಿಸಿದೆ.

ನಕ್ಕಳು. ಅದು ನಮ್ಮತ್ತೇದು,
ಐವತ್ತು ವರ್ಷ ಚರಕ ತಿರುಗಿಸಿದ ಕೈ.

ರಾತ್ರಿ ಮತ್ತೆ ಪರದೆ ತೆರೆದೆ.
ಪಟ್ಟಿ ಹಾಗೇ ಇತ್ತು,
ನನ್ನ ಪೆನ್ನಿನದೇ ಕೆಂಪು.
ಅದರ ಕೆಳಗೆ, ಅಲ್ಲಲ್ಲಿ ಒತ್ತಕ್ಷರ ತಪ್ಪಿ
ಸಲೀಸಾಗಿ ಪಾಸಾದ ಮೂವತ್ತು ಪ್ರಬಂಧ.

ಗಂಟಿದ್ದದ್ದು ಯಾರದೆಂದು
ಕೇಳುವುದನ್ನೇ ಮರೆತಿದ್ದೆ.