ಬಟ್ಟೆ ಕಾಯುವವರು

ಅಂತರಸನಹಳ್ಳಿಯ ನಮ್ಮ ಫೈಬರ್ ಶೆಡ್ಡಿಗೆ
ಬರುವುದು ಆಟೋ ಟಾಪು, ಒಡೆದ ಸಿಂಟೆಕ್ಸು,
ಗಣೇಶನ ಅಚ್ಚು; ಒಮ್ಮೆ ಯಾವುದೋ ಶಾಲೆಯ
ಸೊಂಡಿಲು ಮುರಿದ ಜಾರುಬಂಡೆ ಆನೆ.
ಅವತ್ತು ಜೆಸಿಂತಾ ಮೇಡಂ, ಆಟದ ಟೀಚರು,
ಟೆಂಪೋ ಮೇಲೆ ಹಗ್ಗ ಬಿಗಿದು ತಂದದ್ದು
ಬಾಗಿಲೂ ಅಲ್ಲ, ದೋಣಿಯೂ ಅಲ್ಲ.

ಚಮನ್ ಮೇಸ್ತ್ರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು,
ಚೇಳೂರು ಸಂತೆಯಲ್ಲಿ ಹಲಸು ತಟ್ಟುವ ಹಾಗೆ.
"ಒಳಗೆ ನೀರು ಕುಡಿದಿದೆ. ಏನಿದು?"
"ಅಲೆ ಮೇಲೆ ನಿಲ್ಲೋ ಹಲಗೆ."
"ನಿಂತು?"
"ದಡಕ್ಕೆ ಬರೋದು."
"ಬಂದು?"
"ವಾಪಸ್ ಹೋಗೋದು."
ಮೇಸ್ತ್ರಿ ನನ್ನ ಕಡೆ ನೋಡಿದರು.
ನಾನು ರೆಸಿನ್ ಡಬ್ಬದ ಕಡೆ ನೋಡಿದೆ.

ಹಡಗಿನಲ್ಲಿ ಒಂದು ರಾತ್ರಿಯಂತೆ, ಜೀಪಿನಲ್ಲಿ ಅರ್ಧ ದಿನ,
ಆಮೇಲೆ ಕಾಲುದಾರಿ, ಆಮೇಲೆ ಅದೂ ಇಲ್ಲ.
ಆ ದ್ವೀಪದ ದಂಡೆಯಲ್ಲಿ ಹನ್ನೊಂದು ದಿನ
ಬಂದ ಅಲೆಯೆಲ್ಲ ನನ್ನೊಬ್ಬಳಿಗೇ, ಅಂದರು.
ಪಂಕ್ತಿಯಲ್ಲಿ ಒಬ್ಬಳೇ ಕೂತಿದ್ದೆ,
ಬಡಿಸುವವರು ನಿಲ್ಲಿಸಲೇ ಇಲ್ಲ.

"ಬಟ್ಟೆ ಕಾಯೋಕೆ ಯಾರಿದ್ರು ಮೇಡಂ?"
ಬಾಯಿ ತಪ್ಪಿ ಬಂತು. ಕೆರೆಯಲ್ಲಿ ಈಜು ಕಲಿತವರಿಗೆ ಗೊತ್ತು,
ನೀರಿನ ಭಯ ಮೂರು ದಿನ, ಚಡ್ಡಿಯ ಭಯ ಕೊನೇ ತನಕ.
ಅವರು ನಗಲಿಲ್ಲ. ಯೋಚಿಸಿದರು.
"ಯಾರೂ ಇರಲಿಲ್ಲ."
ಹೇಳಿದ ರೀತಿಗೆ ಮೇಸ್ತ್ರಿ
ತಿರುಗುತ್ತಿದ್ದ ಗ್ರೈಂಡರನ್ನು ಆಫ್ ಮಾಡಿದರು.

ಬಿರುಕು ಬಿಡಿಸಿದಾಗ ಒಳಗೆ ಮರಳು.
ನಮ್ಮ ಹಳ್ಳದ್ದು ಇಟ್ಟಿಗೆ ಬಣ್ಣ,
ಇದು ಹುರಿಯದ ರವೆಯ ಹಾಗೆ ಬಿಳಿ.
ಊದಿ ಬಿಸಾಕು ಅಂದರು ಮೇಸ್ತ್ರಿ.
ಬೆಂಕಿಪೊಟ್ಟಣಕ್ಕೆ ಸುರಿದುಕೊಂಡೆ.

ನಾಲ್ಕು ದಿನ ಬಟ್ಟೆ, ರೆಸಿನ್, ಉಜ್ಜುಕಾಗದ.
ಐದನೇ ದಿನ ಭಾನುವಾರ.
"ಸೋರುತ್ತಾ ನೋಡದೆ ಗಿರಾಕಿಗೆ ಕೊಡಬಾರದು,"
ನಲವತ್ತು ವರ್ಷ ನೀರಿನ ಟ್ಯಾಂಕು ಕಟ್ಟಿದವರು ಅವರು.
ಈಜು ಮಾತ್ರ ಬಾರದು.

ಎಕ್ಸೆಲ್ಲಿನ ಮೇಲೆ ಅಡ್ಡಡ್ಡ ಹಲಗೆ,
ಎದುರಿಗೆ ಬಂದವರೆಲ್ಲ ಬೈದು ಬದಿಗೆ ಸರಿದರು.
ನಮ್ಮೂರ ಕೆರೆಗೆ ಆಷಾಢದ ಗಾಳಿ ಬಿದ್ದಿತ್ತು.
ನಡುವೆ ಆ ಗಡ್ಡೆ, ಎರಡೇ ಜಾಲಿ ಮರ,
ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆಗಳು.
ಅಲ್ಲಿಗೆ ಹೋಗಿ ಬಂದವರು ಅಂತ ಊರಲ್ಲಿ
ಹೆಸರಿರುವುದು ಒಂದು ಎಮ್ಮೆಗೆ ಮಾತ್ರ.

ಹೊಟ್ಟೆಯಡಿ ಹಲಗೆ, ಎರಡು ಕೈಯೇ ಹುಟ್ಟು.
ಗಡ್ಡೆ ಮುಟ್ಟಿದಾಗ ಹಕ್ಕಿಗಳೆದ್ದು ಹೋದವು.
ಅಷ್ಟೇ. ನಾನು, ಕೆಸರು, ಹಿಕ್ಕೆ ಬಿದ್ದು ಬಿಳಿಯಾದ ಕಲ್ಲು.
ಕೂಗಿದೆ. ಸುಮ್ಮನೆ.
ಯಾರೂ ಓ ಅನ್ನದಿರುವುದು
ಚೆನ್ನಾಗಿಯೂ ಇತ್ತು, ಹೊಟ್ಟೆ ಚುಳ್ಳಂತಲೂ ಇತ್ತು.

ತಿರುಗಿ ಬರುವಾಗ ಗಾಳಿ ಬೆನ್ನಿಗಿತ್ತು.
ಗೇಣುದ್ದದ ಅಲೆ, ಅದಕ್ಕೇನು ಮಹಾ ಜೋರಿಲ್ಲ,
ಅಜ್ಜಿ ಮೊಣಕೈಯಿಂದ ತಿವಿದು
ನಡಿ ನಡಿ ಅಂದಂತೆ.
ನಿಂತೆ, ಬಿದ್ದೆ. ನಿಂತೆ, ಮೂಗಿಗೆಲ್ಲ ನೀರು.
ಆಮೇಲೊಮ್ಮೆ ನಿಂತೆ
ಒಂದು
ಎರಡು
ಮೂರು
ನಾಲ್ಕೂವರೆ ಎಣಿಸುವಷ್ಟು,
ಕಾಲಡಿ ಕೆರೆಯೇ ಹೊರಟಿತ್ತು,
ಏರಿಯೂ ಹುಣಸೆ ಮರವೂ ಎದುರುಗೊಳ್ಳಲು ಬರುತ್ತಿದ್ದವು.

ದಡದಲ್ಲಿ ಚಮನ್ ಮೇಸ್ತ್ರಿ
ನನ್ನ ಷರಟು ಪ್ಯಾಂಟು ತೊಡೆ ಮೇಲಿಟ್ಟುಕೊಂಡು
ಬೀಡಿ ಹಚ್ಚುವುದನ್ನೂ ಮರೆತು,
ನೀರು ಪಾದಕ್ಕೆ ತಾಗುವಷ್ಟು ಹತ್ತಿರ ಕೂತಿದ್ದರು.

ಮಂಗಳವಾರ ಮೇಡಂ ಬಂದರು. ಹಲಗೆ ಮೂಸಿದರು.
ಸಮುದ್ರಕ್ಕೆ ಪಾಚಿ ವಾಸನೆ ಹೀಗಿರಲ್ಲ, ಅಂದರು.
ನನ್ನ ತರಚಿದ ಮೊಣಕಾಲು ನೋಡಿದರು.
"ಬಟ್ಟೆ ಕಾದವರು ಯಾರು?"
ನಾನು ಗಲ್ಲ ಎತ್ತಿ ತೋರಿಸಿದೆ. ಮೇಸ್ತ್ರಿ ಆಗಲೇ
ಆಟೋ ಟಾಪಿನೊಳಗೆ ತಲೆ ಹಾಕಿದ್ದರು.

ಬಿಲ್ಲು ಸಾವಿರದೆಂಟುನೂರು. ಇನ್ನೂರು ಬಿಟ್ಟರು.
ಬೆಂಕಿಪೊಟ್ಟಣ ಕೊಡುವುದು ಮರೆತೆ.
ಮರೆತೆ ಅಂತಲೇ ಇಟ್ಟುಕೊಳ್ಳಿ.